ಹೀಟ್ ಪಂಪ್‌ಗೆ ಕನ್ನಡದಲ್ಲಿ ಏನೆನ್ನೋಣ? ‘ಕಾವೇತ’ ಸಲ್ಲುತ್ತದೆಯೇ?

ಪದಾಸಕ್ತರೇ,

ಬೆಂಗಳೂರು ವಿಜಯನಗರದ ನಮ್ಮ ವಸತಿ ಸಮುಚ್ಚಯದ ತಾರಸಿಯಿಂದ ಹಳೆಯ ಸೋಲಾರ್ ಹಂಡೆಗಳನ್ನು ಇಳಿಸಿ, ಆ ಜಾಗದಲ್ಲಿ ಹೀಟ್ ಪಂಪ್, ಅಂದರೆ ಹೊರಗಿನ ಗಾಳಿಯ ಕಾವನ್ನು ಎಳೆದು ನೀರು ಕಾಯಿಸುವ ವಿದ್ಯುತ್ ಯಂತ್ರ, ಕೂರಿಸುವುದೆಂದು ತೀರ್ಮಾನವಾಗಿದೆ. ಎಲ್ಲ ಮನೆಗಳಿಗೂ ತಿಳಿಯುವಂತೆ ಒಂದು ಪುಟದ ವಿವರಣೆಯನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾಲ್ಕು ದಿನಗಳಿಂದ ಮೊದಲ ಸಾಲಿನಲ್ಲೇ ನಿಂತಿದ್ದೇನೆ. ಈ ಯಂತ್ರವನ್ನು ಏನೆಂದು ಕರೆಯಬೇಕು?

ಮಾರಾಟಗಾರರು ಕೊಟ್ಟ ಕರಪತ್ರದಲ್ಲಿ ‘ಬಿಸಿ ಪಂಪು’ ಎಂದು ಅಚ್ಚಾಗಿದೆ. ಅದನ್ನು ಓದಿದ ನನ್ನ ತಾಯಿ, “ಬಿಸಿನೀರನ್ನು ಮೇಲಕ್ಕೆ ಏರಿಸುವ ಮೋಟಾರೇ? ಹಾಗಾದರೆ ನೀರು ಕಾಯಿಸುವುದು ಯಾವುದು?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ‘ಬಿಸಿ’ ಇನ್ನೊಂದು ನಾಮಪದದ ಮುಂದೆ ಕುಳಿತರೆ ಕನ್ನಡದ ಕಿವಿಗೆ ಅದು ವಿಶೇಷಣವೇ: ಬಿಸಿ ಕಾಫಿ, ಬಿಸಿ ರೊಟ್ಟಿ. ಆ ಸಾಲಿನಲ್ಲಿ ಬಿಸಿ ಪಂಪು ಎಂದರೆ ಓಡಿ ಓಡಿ ಕಾದುಹೋದ ಪಂಪು ಎಂದಾಗುತ್ತದೆ. ಇಲ್ಲಿ ಬಿಸಿ ಎಂಬುದು ಪಂಪಿನ ಗುಣವಲ್ಲ, ಪಂಪು ಸಾಗಿಸುವ ಸರಕು. ಆ ಸಂಬಂಧ ಕರಪತ್ರದ ಪದದಲ್ಲಿ ಕಾಣುವುದೇ ಇಲ್ಲ.

ಎರವಲು ಪದಗಳ ಬಗ್ಗೆ ನನಗೆ ಹಟವಿಲ್ಲ. ಗೀಸರ್ ಎಂಬುದು ಐಸ್‌ಲ್ಯಾಂಡಿನ ಒಂದು ಬಿಸಿನೀರ ಚಿಲುಮೆಯ ಹೆಸರಿನಿಂದ ಹೊರಟು ನಮ್ಮ ಬಚ್ಚಲಿಗೆ ಬಂದು ಚೆನ್ನಾಗಿ ಒಗ್ಗಿಕೊಂಡಿದೆ. ‘ಸೋಲಾರ್’ ಎಂಬ ವಿಶೇಷಣವಂತೂ ಬೆಂಗಳೂರಿನಲ್ಲಿ ಬಿಸಿನೀರು ಎಂಬ ನಾಮಪದವೇ ಆಗಿಬಿಟ್ಟಿದೆ. “ಇವತ್ತು ಮೋಡ, ಸೋಲಾರ್ ಬರುತ್ತಿಲ್ಲ” ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ‘ಪಂಪು’ ಖಾಲಿ ಇರುವ ಪದವಲ್ಲ. ಅದು ಕನ್ನಡಕ್ಕೆ ಬಂದು ನೀರಿನ ಪಂಪೆಂದೇ ನೆಲೆಸಿದೆ: ಪಂಪ್‌ಸೆಟ್, ಪಂಪ್‌ಹೌಸ್. ನೀರಿಗೇ ಸಂಬಂಧಪಟ್ಟ ಇನ್ನೊಂದು ಯಂತ್ರಕ್ಕೆ ಅದೇ ಹೆಸರು ಕೊಟ್ಟರೆ ಗೊಂದಲ ಖಂಡಿತ. ಪ್ಲಂಬರುಗಳು ‘ಹೀಟ್ ಪಂಪ್’ ಎಂದೇ ಹೇಳುತ್ತಾರೆ, ಅವರಿಗೆ ಯಂತ್ರ ಗೊತ್ತಿದೆ. ಗೊತ್ತಿಲ್ಲದವರಿಗೆ ಆ ಹೆಸರು ಏನನ್ನೂ ತಿಳಿಸುವುದಿಲ್ಲ.

ನಿಘಂಟಿನ ದಾರಿ ಹಿಡಿದರೆ ಪಂಪಿಗೆ ‘ರೇಚಕ’ ಸಿಗುತ್ತದೆ. ‘ಉಷ್ಣರೇಚಕ’ ಎಂದು ಒಮ್ಮೆ ಬರೆದೂ ನೋಡಿದೆ, ಹೊಡೆದುಹಾಕಿದೆ. ಉಷ್ಣ ಎಂದೊಡನೆ ನಮಗೆ ನೆನಪಾಗುವುದು ಮೈ: ಪರಂಗಿಹಣ್ಣು ಉಷ್ಣ, ಎಳನೀರು ತಂಪು. ರೇಚಕ ಎಂದರೆ ಪ್ರಾಣಾಯಾಮದಲ್ಲಿ ಉಸಿರು ಬಿಡುವುದು, ಇಲ್ಲವೇ ಹೊಟ್ಟೆ ಸಡಿಲಿಸುವ ಔಷಧ. ಎರಡನ್ನೂ ಸೇರಿಸಿದರೆ ಆಯುರ್ವೇದದ ಅಂಗಡಿಯ ಸರಕಾಗುತ್ತದೆ. ‘ಶಾಖ’ ಒಳ್ಳೆಯ ಪದ. ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಸ್ಥಾವರದಿಂದಾಗಿ ಪತ್ರಿಕೆ ಓದುವ ಯಾರಿಗೂ ಅಪರಿಚಿತವಲ್ಲ. ಆದರೂ ನನ್ನ ಮನಸ್ಸು ‘ಕಾವು’ ಎಂಬುದರ ಕಡೆಗೇ ಹೋಗುತ್ತದೆ. ಕೋಳಿ ಮೊಟ್ಟೆಗೆ ಕೊಡುವುದು ಕಾವು, ನೀರನ್ನು ನಾವು ಮಾಡುವುದು ಕಾಯಿಸುವುದು, ದೋಸೆ ಹುಯ್ಯುವುದು ಕಾವಲಿಯ ಮೇಲೆ. ಕಾವನ್ನು ಕೊಡಬಹುದು, ಪಡೆಯಬಹುದು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ವಸ್ತುವಾಗಿ ಅದು ಭಾಷೆಯಲ್ಲಿ ಈಗಾಗಲೇ ಇದೆ.

ಇನ್ನು ಪಂಪಿನ ಮಾತು. ಈ ಯಂತ್ರ ಮಾಡುವುದೇನು ಎಂಬುದನ್ನು ನೋಡಿದಾಗಲೇ ನನಗೆ ‘ಏತ’, ಬಾವಿಯಿಂದ ನೀರೆತ್ತುವ ಹಳೆಯ ಮರದ ಸಾಧನ, ಹೊಳೆದದ್ದು. ಗೀಸರಿನ ಸುರುಳಿಯ ಹಾಗೆ ಇದು ವಿದ್ಯುತ್ತನ್ನೇ ಕಾವಾಗಿ ಮಾರ್ಪಡಿಸುತ್ತಾ ಕೂರುವುದಿಲ್ಲ. ಫ್ಯಾನ್ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಬಹಳ ಕಡಿಮೆ ತಾಪದಲ್ಲೇ ಕುದಿಯುವ ಶೀತಕ ದ್ರವವು ಆ ಗಾಳಿಯ ಕಾವನ್ನು ಹೀರಿ ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಅದುಮಿದಾಗ ಅದು ನೀರಿಗಿಂತ ಬಿಸಿಯಾಗುತ್ತದೆ, ಟ್ಯಾಂಕಿನ ನೀರಿಗೆ ಕಾವು ಬಿಟ್ಟುಕೊಟ್ಟು ಮತ್ತೆ ದ್ರವವಾಗುತ್ತದೆ. ಕಿರುಕವಾಟದಲ್ಲಿ ಹಾದು ತಣ್ಣಗಾಗಿ ಗಾಳಿಯ ಬಳಿಗೆ ಮರಳುತ್ತದೆ. ಫ್ರಿಜ್ಜಿನ ಹಿಂಬದಿ ಬೆಚ್ಚಗಿರುವುದು ಇದೇ ಕಾರಣಕ್ಕೆ.

ಕಾವು ತಾನಾಗಿ ಬಿಸಿಯಿಂದ ತಂಪಿನ ಕಡೆಗೆ ಇಳಿಯುತ್ತದೆ, ನೀರು ದಿಣ್ಣೆಯಿಂದ ತಗ್ಗಿಗೆ ಇಳಿದಂತೆ. 1824ರಲ್ಲೇ ಫ್ರಾನ್ಸಿನ ಎಂಜಿನಿಯರ್ ಸಾದಿ ಕಾರ್ನೋ ಶಾಖದ ಈ ಇಳಿಕೆಯನ್ನು ಜಲಪಾತಕ್ಕೆ ಹೋಲಿಸಿದ್ದರು. ತಗ್ಗಿನಿಂದ ದಿಣ್ಣೆಗೆ ಏರಿಸಲು ದುಡಿಮೆ ಬೇಕು. ಬಾವಿಯ ಮೇಲಿನ ಏತದ ಮರವನ್ನು ತುಳಿಯುವವನು ನೀರನ್ನು ಸೃಷ್ಟಿಸುವುದಿಲ್ಲ, ಇರುವ ನೀರನ್ನು ಎತ್ತುತ್ತಾನೆ. ಕಂಪ್ರೆಸರಿಗೆ ಕೊಡುವ ವಿದ್ಯುತ್ತು ಆ ತುಳಿತ. ಹೋಲಿಕೆ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಬರುತ್ತದೆ: ಬಾವಿ ಆಳವಾದಷ್ಟೂ ಏತಕ್ಕೆ ಕಷ್ಟ, ಗಾಳಿ ತಣ್ಣಗಾದಷ್ಟೂ ಈ ಯಂತ್ರಕ್ಕೆ ಕಷ್ಟ. ಜನವರಿಯ ರಾತ್ರಿಯಲ್ಲೂ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿರುವ ಬೆಂಗಳೂರಿನ ಗಾಳಿ ಆಳವಿಲ್ಲದ ಬಾವಿ.

ಹಾಗಾಗಿ ಕಾವು + ಏತ = ಕಾವೇತ. ಲೋಪಸಂಧಿ ಸಲೀಸಾಗಿ ಆಗುತ್ತದೆ, ಸಂಸ್ಕೃತಕ್ಕೆ ಕನ್ನಡ ಬೆರೆಸಿ ‘ಶಾಖ-ಏತ’ ಎಂದರೆ ಬರುವ ಅರಿಸಮಾಸದ ಆಕ್ಷೇಪವೂ ಇಲ್ಲಿ ಏಳುವುದಿಲ್ಲ. ಏತವನ್ನು ಕಣ್ಣಾರೆ ಕಂಡವರು ಈಗ ಕಡಿಮೆ, ನಿಜ. ಆದರೆ ‘ಏತ ನೀರಾವರಿ’ ಪತ್ರಿಕೆಗಳಲ್ಲಿ ಇಂದಿಗೂ ಬರುತ್ತಿದೆ, ಅಲ್ಲಿ ನೀರೆತ್ತುವುದು ದೊಡ್ಡ ವಿದ್ಯುತ್ ಪಂಪುಗಳೇ. ಅಂದರೆ ಏತ ಎಂಬುದು ಮರದ ಸಾಧನದಿಂದ ಬಿಡಿಸಿಕೊಂಡು ಎತ್ತುವ ಕ್ರಿಯೆಗೆ ಆಗಲೇ ಹೆಸರಾಗಿದೆ. ನನಗಿರುವ ನಿಜವಾದ ಅಳುಕು ಬೇರೆ. ಕಾವೇರಿ ನೀರು ಕುಡಿಯುವ ಈ ಊರಿನಲ್ಲಿ ‘ಕಾವೇತ’ವನ್ನು ‘ಕಾವೇರಿ’ಯ ಅಚ್ಚಿನ ತಪ್ಪೆಂದು ಓದುವವರು ಇದ್ದೇ ಇರುತ್ತಾರೆ. ಮೊದಲ ಸಲ ‘ಕಾವಿನ ಏತ’ ಎಂದು ಬಿಡಿಸಿ ಬರೆದರೆ ಸಾಕೇ?

ಇದಕ್ಕೆ ಅಂಟಿಕೊಂಡ ಇನ್ನೊಂದು ಪದದ ಕಷ್ಟವೂ ಇದೆ. ಕರಪತ್ರದಲ್ಲಿ ‘ಶೇ 300 ದಕ್ಷತೆ’ ಎಂದಿದೆ. ನೂರಕ್ಕೆ ಮುನ್ನೂರು ದಕ್ಷತೆ ಎಂದರೆ ಶಾಲೆಯಲ್ಲಿ ವಿಜ್ಞಾನ ಓದಿದ ಯಾರೂ ನಂಬುವುದಿಲ್ಲ, ನಂಬಲೂಬಾರದು. ಹೇಳಬೇಕಾದದ್ದು, ಒಂದು ಯೂನಿಟ್ ವಿದ್ಯುತ್ ಖರ್ಚಿಗೆ ಮೂರು ಯೂನಿಟ್ಟಿನಷ್ಟು ಕಾವು ನೀರಿಗೆ ಸೇರುತ್ತದೆ, ಹೆಚ್ಚಿನ ಎರಡು ಗಾಳಿಯಿಂದ ಬಂದದ್ದು ಎಂದು. 200 ಲೀಟರ್ ನೀರನ್ನು 20 ಡಿಗ್ರಿಯಿಂದ 55ಕ್ಕೆ ಏರಿಸಲು ಸುರುಳಿಯ ಗೀಸರಿಗೆ ಸುಮಾರು 8 ಯೂನಿಟ್ ಬೇಕು. ಇದಕ್ಕೆ 3ಕ್ಕಿಂತ ತುಸು ಕಡಿಮೆ ಸಾಕು. ಕೊಟ್ಟ ವಿದ್ಯುತ್ತಿಗೆ ಎಷ್ಟು ಪಟ್ಟು ಕಾವು ಎಂಬ ಈ ಲೆಕ್ಕಕ್ಕೆ ‘ಕಾರ್ಯಕ್ಷಮತಾ ಗುಣಾಂಕ’ ಎಂದು ಬರೆದರೆ ತಪ್ಪಿಲ್ಲ, ಆದರೆ ಆ ಪದವನ್ನು ದಾಟಿ ಮುಂದಿನ ಸಾಲಿಗೆ ಯಾರೂ ಬರುವುದಿಲ್ಲ. ಅದರ ಬದಲು ‘ಪಟ್ಟು’ ಎನ್ನಬಹುದೇ? “ಈ ಯಂತ್ರದ ಪಟ್ಟು 3, ಆ ಯಂತ್ರದ್ದು 4” ಎಂದು ಅಂಗಡಿಯಲ್ಲಿ ಹೋಲಿಸಿ ಕೇಳಲು ಬರುವಂತಹ ಮಾತು ನನಗೆ ಬೇಕು. ಕುಸ್ತಿಯ ಪಟ್ಟು, ಹಟದ ಪಟ್ಟು ಅಡ್ಡ ಬರುವುದಿಲ್ಲವೆಂದು ನನ್ನ ಅನಿಸಿಕೆ.

ಕೋಲಾರ, ತುಮಕೂರು, ಚಿತ್ರದುರ್ಗದ ಕಡೆಯವರು ಇಲ್ಲಿ ಇದ್ದೀರಿ. ನಿಮ್ಮ ಊರುಗಳಲ್ಲಿ ಹಿರಿಯರು ಏತ ಎನ್ನುತ್ತಾರೆಯೇ, ಯಾತ ಎನ್ನುತ್ತಾರೆಯೇ? ಏತದಿಂದ ಎತ್ತುವುದಕ್ಕೆ ಪ್ರತ್ಯೇಕವಾದ ಕ್ರಿಯಾಪದ ಏನಾದರೂ ಇದೆಯೇ? ಬಾವಿಯಿಂದ ನೀರನ್ನು ‘ಸೇದುವುದು’ ನನಗೆ ಗೊತ್ತು, ಗಾಳಿಯಿಂದ ಕಾವನ್ನು ‘ಸೇದುತ್ತದೆ’ ಎಂದು ಬರೆಯುವ ಆಸೆಯೂ ಇದೆ. ಬೀಡಿ ನೆನಪಾಗಿ ಓದುಗರಿಗೆ ಮುಜುಗರವಾದೀತೇ ಎಂಬುದನ್ನು ನೀವೇ ಹೇಳಬೇಕು. ಪುಟವನ್ನು ಶನಿವಾರ ಲಿಫ್ಟಿನ ಪಕ್ಕದ ಹಲಗೆಗೆ ಅಂಟಿಸಬೇಕಿದೆ.