ಆಸ್ಪತ್ರೆ ಬೆಂಬಲ ಸೇವೆಗಳು: ಕೊಳ್ಳುವ ಕಡೆ, ಒದಗಿಸುವ ಕಡೆ ಬೇರೆ ಮಾಡುವುದು ಎಲ್ಲಿಂದ ಶುರು?

ಪ್ರಶ್ನೆ | ಕಡತಯಾತ್ರೆ

ಒಂದೇ ಸಾರ್ವಜನಿಕ ಆರೋಗ್ಯ ಸಂಸ್ಥೆ. ಲಾಂಡ್ರಿ, ಶುಚಿತ್ವ, ಸಿಎಸ್‌ಎಸ್‌ಡಿ (ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಕ್ರಿಮಿಮುಕ್ತ ಮಾಡುವ ವಿಭಾಗ), ರೋಗಿಗಳ ಸಾಗಣೆ ಇವೆಲ್ಲಕ್ಕೆ ಎಷ್ಟು ದುಡ್ಡು, ಯಾವ ಗುಣಮಟ್ಟ ಎಂದು ತೀರ್ಮಾನಿಸುವುದೂ ಅದೇ, ತನ್ನ ಸಿಬ್ಬಂದಿಯಿಂದ ಕೆಲಸ ಮಾಡಿಸುವುದೂ ಅದೇ. ಈಗ ಕಮಿಷನಿಂಗ್, ಅಂದರೆ ಯಾವ ಸೇವೆ ಎಷ್ಟಕ್ಕೆ ಎಂದು ತೀರ್ಮಾನಿಸಿ ಕೊಳ್ಳುವುದು, ಒಂದು ವಿಭಾಗಕ್ಕೆ, ಸೇವೆ ಒದಗಿಸುವುದು ಇನ್ನೊಂದಕ್ಕೆ ಎಂದು ಬೇರ್ಪಡಿಸಬೇಕು. ಇಬ್ಬರು ಮುಖ್ಯಸ್ಥರನ್ನು ತೋರಿಸುವ ಚಾರ್ಟ್ ತಯಾರಾಗಿದೆ. ಅದರಾಚೆ ಏನೇನು ಬೇರೆಯಾಗಬೇಕು? ಬೇರ್ಪಡಿಸಿದ ಮೇಲೆ ಹೊರಗಿನವರಿಗೆ ಟೆಂಡರ್ ಕರೆಯಲೇಬೇಕಾ? ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಇದು ಹೇಗೆ ನಡೆಯಿತು?

ಉತ್ತರ | ಷರಾ

ಚಾರ್ಟ್ ಪಕ್ಕಕ್ಕಿಡಿ. ಸಹಿಗಳನ್ನು ನೋಡಿ. ಸ್ಪೆಸಿಫಿಕೇಷನ್ ಬರೆಯುವುದು, ದರ ಒಪ್ಪುವುದು, ಕೆಲಸ ಅಳೆಯುವುದು, ಬಿಲ್ ಪಾಸ್ ಮಾಡುವುದು, ವಿನಾಯಿತಿ ಕೊಡುವುದು ಈ ಐದಕ್ಕೆ ಒದಗಿಸುವ ಕಡೆಯವರ ಸಹಿ ಇರಬಾರದು. ಪಾಳಿ ಪಟ್ಟಿ, ಯಂತ್ರದ ಆಯ್ಕೆ, ತರಬೇತಿ ಪೂರ್ತಿ ಅವರದ್ದೇ. ಅಲ್ಲಿ ಕೊಳ್ಳುವ ಕಡೆಯವರು ತಲೆಹಾಕಿದರೆ ನಾಳೆ ತಪ್ಪಾದಾಗ ‘ನೀವು ಹೇಳಿದಂತೆ ಮಾಡಿದೆವು’ ಎಂಬ ಉತ್ತರ ಸಿದ್ಧ.

ಅಳೆಯುವುದರಲ್ಲೇ ಹೆಚ್ಚು ಎಡವಟ್ಟು. ಲಾಂಡ್ರಿಯೇ ತನ್ನ ಮಾಸಿಕ ವರದಿ ಬರೆದು ಕಳಿಸುತ್ತದೆ, ಕೊಳ್ಳುವ ವಿಭಾಗ ಅದನ್ನು ಫೈಲ್ ಮಾಡುತ್ತದೆ ಎಂದಾದರೆ ಏನೂ ಬೇರೆಯಾಗಿಲ್ಲ. ‘ಬಟ್ಟೆ ಶುಚಿಯಾಗಿರಬೇಕು’ ಎಂದು ಬರೆದರೆ ಅಳೆಯಲು ಏನೂ ಇರುವುದಿಲ್ಲ. ಆಸ್ಪತ್ರೆ ಬಟ್ಟೆ ಒಗೆಯುವ ಬಗ್ಗೆ ಇಂಗ್ಲೆಂಡಿನ ಎಚ್‌ಟಿಎಂ 01-04 ಮಾರ್ಗಸೂಚಿಯಲ್ಲಿರುವಂತೆ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 10 ನಿಮಿಷ, ಇಲ್ಲವೇ 71 ಡಿಗ್ರಿಯಲ್ಲಿ ಕನಿಷ್ಠ 3 ನಿಮಿಷ, ಶಾಖ ಬಟ್ಟೆಯೊಳಕ್ಕೆಲ್ಲ ಹರಡುವ ಸಮಯ ಬೇರೆ, ಹೀಗೆ ಬರೆಯಬೇಕು. ಯಂತ್ರದ ತಾಪಮಾನದ ದಾಖಲೆ ಕೇಳಿದಾಗ ಕೊಡುವುದಲ್ಲ, ಕೊಳ್ಳುವ ಕಡೆಗೆ ನೇರವಾಗಿ ಬರಬೇಕು. ಕಲೆ ಉಳಿದ, ಹರಿದ ಬಟ್ಟೆಗಳ ಎಣಿಕೆ ವಾರ್ಡ್‌ನಲ್ಲಿ ಬಟ್ಟೆ ತೆಗೆದುಕೊಳ್ಳುವವರೇ ಮಾಡಬೇಕು.

ಆದರೆ ಪ್ರಕ್ರಿಯೆಯ ಅಂಕಿ ಮಾತ್ರ ನೋಡಿದರೂ ಮೋಸ ಹೋಗುತ್ತೀರಿ. ಸಿಎಸ್‌ಎಸ್‌ಡಿಯಲ್ಲಿ 134 ಡಿಗ್ರಿ, 3 ನಿಮಿಷದ ದಾಖಲೆ ಪ್ರತಿ ಸೈಕಲ್‌ಗೂ ಸರಿಯಾಗಿರುತ್ತದೆ. ಸೆಟ್‌ನಲ್ಲಿ ಒಂದು ಕ್ಲ್ಯಾಂಪ್ ಕಡಿಮೆ ಇದ್ದು ಶಸ್ತ್ರಚಿಕಿತ್ಸೆ ನಿಂತಿರುತ್ತದೆ. ಅದಕ್ಕೇ ಸೆಟ್ ಪೂರ್ತಿ ಇತ್ತೇ, ಪ್ಯಾಕ್ ಒಣಗಿತ್ತೇ, ಹೊತ್ತಿಗೆ ಬಂತೇ ಎಂಬುದನ್ನು ಥಿಯೇಟರ್ ಕಡೆಯಿಂದ ದಾಖಲಿಸಿ.

ಇನ್ನು ಜನ. ಬೇರ್ಪಡಿಸುವಾಗ ಕೆಲಸ ಗೊತ್ತಿರುವವರೆಲ್ಲ ಒದಗಿಸುವ ಕಡೆಗೆ ಹೋಗಿಬಿಡುತ್ತಾರೆ, ಕೊಳ್ಳುವ ಕಡೆ ಕರಾರು ಓದುವವರಷ್ಟೇ ಉಳಿಯುತ್ತಾರೆ. ಆಮೇಲೆ ‘ಇದಕ್ಕಿಂತ ಕಡಿಮೆಗೆ ಆಗದು’ ಎಂದರೆ ನಂಬದೆ ದಾರಿಯಿಲ್ಲ. ಪ್ರತಿ ತಾಂತ್ರಿಕ ಸೇವೆಗೂ ಅದನ್ನು ಒಳಗಿನಿಂದ ಬಲ್ಲ ಒಬ್ಬರನ್ನಾದರೂ ಕೊಳ್ಳುವ ಕಡೆ ಉಳಿಸಿಕೊಳ್ಳಿ. ಸೋಂಕು ನಿಯಂತ್ರಣ ತಂಡ ಯಾವ ಕಾರಣಕ್ಕೂ ಒದಗಿಸುವವರ ಅಧೀನಕ್ಕೆ ಹೋಗಬಾರದು.

ಉತ್ತರ | ಜಮಾಖರ್ಚು

ದುಡ್ಡಿನ ಕಡೆ ಸೇರಿಸುತ್ತೇನೆ. ಲಾಂಡ್ರಿಯ ಖರ್ಚು ಎಂದು ಪುಸ್ತಕದಲ್ಲಿ ಕಾಣುವುದು ಸಾಮಾನ್ಯವಾಗಿ ಸಂಬಳ, ಸೋಪು, ರಿಪೇರಿ. ಇಡೀ ಆಸ್ಪತ್ರೆಗೆ ಒಂದೇ ಆಗಿರುವ ಬಾಯ್ಲರ್‌ನ ಹಬೆ, ನೀರು, ಜಾಗ, ಸವಕಳಿ, ಪಿಂಚಣಿ ಬೇರೆ ಬೇರೆ ಶೀರ್ಷಿಕೆಗಳಲ್ಲಿ ಅಡಗಿರುತ್ತವೆ. ಬೇರೆಯಾದ ಮೊದಲ ತ್ರೈಮಾಸಿಕದಲ್ಲೇ ಒದಗಿಸುವವರು ಇದನ್ನೆಲ್ಲ ಕೇಳುತ್ತಾರೆ, ಕೊಳ್ಳುವವರ ಬಜೆಟ್‌ನಲ್ಲಿ ಅದು ಇರುವುದೇ ಇಲ್ಲ. ಹಾಗಾಗಿ ಹಂಚಿಕೆಯ ಆಧಾರ ಮೊದಲೇ ಗೊತ್ತುಮಾಡಿ: ಹಬೆಗೆ ಮೀಟರ್, ಜಾಗಕ್ಕೆ ಚದರ ಮೀಟರ್, ಸಂಬಳ ಶಾಖೆಯ ಖರ್ಚಿಗೆ ತಲೆಲೆಕ್ಕ. ಒಂದು ಎಚ್ಚರಿಕೆ: ಮುಂದೆ ಹೊರಗಿನವರ ದರದ ಜೊತೆ ಹೋಲಿಸುವಾಗ ಈ ಪೂರ್ಣ ವೆಚ್ಚ ಹಿಡಿಯಬೇಡಿ. ಲಾಂಡ್ರಿ ಹೊರಗೆ ಹೋದರೂ ಬಾಯ್ಲರ್, ಕಟ್ಟಡದ ಖರ್ಚು ನಿಮ್ಮ ತಲೆಯ ಮೇಲೇ ಇರುತ್ತದೆ. ನಿಜವಾಗಿ ತಪ್ಪುವ ಖರ್ಚನ್ನಷ್ಟೇ ಹೋಲಿಸಿ.

ಪಾವತಿ: ತಿಂಗಳಿಗೆ ಇಡಿಗಂಟು ಕೊಟ್ಟರೆ ಕಡಿಮೆ ಕೆಲಸ ಮಾಡಿದಷ್ಟೂ ಒದಗಿಸುವವರಿಗೆ ಲಾಭ. ಪೂರ್ತಿ ಕಿಲೋ ಲೆಕ್ಕಕ್ಕೆ ಹೋದರೆ ತೂಕ ಬೆಳೆಯುತ್ತದೆ. ಕೊಳೆ ಬಟ್ಟೆ ತೂಗಿದರೆ ಒದ್ದೆಗೂ ದುಡ್ಡು ಕೊಟ್ಟಂತೆ. ಸ್ಥಿರ ಖರ್ಚಿಗೆ ನಿಗದಿತ ಮೊತ್ತ, ಉಳಿದದ್ದಕ್ಕೆ ಒಗೆದು ಒಣಗಿದ ಬಟ್ಟೆಯ ತೂಕ ಅಥವಾ ಎಣಿಕೆ, ಇದು ಕೆಲಸ ಮಾಡುತ್ತದೆ. ಸಾಗಣೆಯಲ್ಲಿ ವ್ಯರ್ಥ ಟ್ರಿಪ್‌ಗೆ ನಿಯಮ ಬೇಕೇಬೇಕು. ವಾಹನ ಬಂದಾಗ ರೋಗಿ ಸಿದ್ಧವಿಲ್ಲದಿರುವುದಕ್ಕೆ ಬಹಳ ಸಲ ಬಿಡುಗಡೆಯ ಔಷಧಿ ತಡವಾದದ್ದೇ ಕಾರಣ. ಆ ಖರ್ಚು ವಾರ್ಡ್ ಖಾತೆಗೆ ಹೋಗದಿದ್ದರೆ ಯಾರೂ ಸರಿಪಡಿಸುವುದಿಲ್ಲ.

ಒಂದು ಹಣಕಾಸು ವರ್ಷ ಅಣಕು ಬಿಲ್ ಮಾಡಿ. ಕರಾರಿನಂತೆ ಬಿಲ್, ಕಡಿತ ಎಲ್ಲವೂ ಕಾಗದದ ಮೇಲೆ ನಡೆಯಲಿ, ದುಡ್ಡು ಹಳೆಯ ದಾರಿಯಲ್ಲೇ ಹೋಗಲಿ.

ಉತ್ತರ | ಹಳೇಗೆಜೆಟ್

ಟೆಂಡರ್ ಬಗ್ಗೆ: ಬೇರ್ಪಡಿಸುವುದು, ಪೈಪೋಟಿಗೆ ಬಿಡುವುದು ಎರಡೂ ಒಂದಲ್ಲ. ಆಂತರಿಕ ಒಪ್ಪಂದದ ಮೇಲೂ ಪೂರ್ತಿ ಬೇರ್ಪಡಿಸಬಹುದು. ಟೆಂಡರ್ ಕಡ್ಡಾಯವೇ ಎಂಬುದನ್ನು ನಿಮಗೆ ಅನ್ವಯಿಸುವ ಖರೀದಿ ಕಾನೂನು ಹೇಳುತ್ತದೆ, ಚಾರ್ಟ್ ಅಲ್ಲ.

ಇಂಗ್ಲೆಂಡಿನಲ್ಲಿ 1990ರ ಕಾಯ್ದೆಯ ಮೇಲೆ 1991ರ ಏಪ್ರಿಲ್‌ನಲ್ಲಿ ಆಂತರಿಕ ಮಾರುಕಟ್ಟೆ, ಅಂದರೆ ಎನ್‌ಎಚ್‌ಎಸ್ ಒಳಗೇ ಕೊಳ್ಳುವವರು, ಒದಗಿಸುವವರು ಎಂಬ ವಿಭಜನೆ, ಶುರುವಾಯಿತು. ಆಸ್ಪತ್ರೆಗಳು ಟ್ರಸ್ಟ್‌ಗಳಾಗಿ, ಅಂದರೆ ತಮ್ಮದೇ ಆಡಳಿತದ ಸರ್ಕಾರಿ ಸಂಸ್ಥೆಗಳಾಗಿ, ಬೇರೆಯಾದವು. ಆದರೆ ಮುಂದೆ ಬಂದ ಪ್ರೈಮರಿ ಕೇರ್ ಟ್ರಸ್ಟ್‌ಗಳು (ಸ್ಥಳೀಯವಾಗಿ ಸೇವೆ ಕೊಳ್ಳುವ ಸಂಸ್ಥೆಗಳು) ಆಸ್ಪತ್ರೆಯ ಹೊರಗೆ ಕೊಡುವ ಸಮುದಾಯ ಸೇವೆಗಳನ್ನು ಕೊಳ್ಳುತ್ತಲೂ ಇದ್ದವು, ಕೊಡುತ್ತಲೂ ಇದ್ದವು, ಥೇಟ್ ನಿಮ್ಮ ಸಮಸ್ಯೆ. 2009ರಿಂದ ನಡೆದ ಬೇರ್ಪಡಿಕೆಯಲ್ಲಿ ಆ ಸೇವೆಗಳು ಕೆಲವೆಡೆ ಆಸ್ಪತ್ರೆ ಟ್ರಸ್ಟ್‌ಗಳಿಗೆ, ಕೆಲವೆಡೆ ಹೊಸ ಸಮುದಾಯ ಟ್ರಸ್ಟ್‌ಗಳಿಗೆ, ಕೆಲವೆಡೆ ಸಾಮಾಜಿಕ ಉದ್ಯಮಗಳಿಗೆ ಹೋದವು. ಆಮೇಲೆ ಗಾಳಿ ಸ್ವಲ್ಪ ಹಿಂದಕ್ಕೆ ಬೀಸಿತು: 2022ರ ಜುಲೈಯಲ್ಲಿ ಕೊಳ್ಳುವ ಕೆಲಸಕ್ಕೆ 42 ಇಂಟಿಗ್ರೇಟೆಡ್ ಕೇರ್ ಬೋರ್ಡ್‌ಗಳು ಬಂದಾಗ ಅವುಗಳಲ್ಲಿ ಒದಗಿಸುವ ಟ್ರಸ್ಟ್‌ಗಳು ಸೂಚಿಸಿದ ಸದಸ್ಯರಿಗೂ ಜಾಗ ಕೊಡಲಾಯಿತು. ಸ್ಕಾಟ್ಲೆಂಡ್ 2004ರಲ್ಲಿ, ವೇಲ್ಸ್ 2009ರಲ್ಲಿ ಈ ವಿಭಜನೆಯನ್ನೇ ಕೈಬಿಟ್ಟವು. ನನ್ನ ಅಭಿಪ್ರಾಯ: ಬೇರೆ ಪೂರೈಕೆದಾರರೇ ಇಲ್ಲದ ಸಣ್ಣ ಸಂಸ್ಥೆಯಲ್ಲಿ ಎರಡು ಪೂರ್ಣ ವಿಭಾಗ ಕಟ್ಟುವುದು ದುಂದು. ಅಳತೆ, ಬಿಲ್ ಎರಡನ್ನು ಬೇರೆ ಮಾಡಿದರೆ ಸಾಕು.

ಮರುಪ್ರಶ್ನೆ | ಕಡತಯಾತ್ರೆ

ಹಣಕಾಸು ಮುಖ್ಯಸ್ಥರು ಎರಡೂ ಕಡೆಗೆ ಒಬ್ಬರೇ. ಅದು ಬದಲಾಗುವುದಿಲ್ಲ. ಆಗ?

ಉತ್ತರ | ಷರಾ

ಅವರ ಕೆಳಗಿನ ತಂಡಗಳನ್ನು ಎರಡು ಮಾಡಿ, ಫೋಲ್ಡರ್ ಅನುಮತಿಗಳನ್ನೂ ಬೇರೆ ಮಾಡಿ. ಒದಗಿಸುವವರ ವೆಚ್ಚದ ಹಾಳೆ ಕೊಳ್ಳುವ ತಂಡಕ್ಕೆ, ಕೊಳ್ಳುವವರ ದರಮಿತಿ ಒದಗಿಸುವ ತಂಡಕ್ಕೆ ಕಾಣಬಾರದು. ದರ ಮತ್ತು ಕಡಿತದ ತಕರಾರುಗಳು ಅವರ ಮೇಜಿಗೆ ಬರದೆ ನೇರ ಮುಖ್ಯ ಕಾರ್ಯನಿರ್ವಾಹಕರಿಗೆ ಹೋಗಲಿ. ಹೊರಗಿನವರೂ ಬಿಡ್ ಮಾಡುವ ದಿನ ಬಂದರೆ ಮೌಲ್ಯಮಾಪನ ಸಮಿತಿಯಲ್ಲಿ ಅವರು ಕೂರುವಂತಿಲ್ಲ. ಹಿತಾಸಕ್ತಿ ರಿಜಿಸ್ಟರ್‌ನಲ್ಲಿ ನಮೂದಿಸಿ ಸಭೆಯಿಂದ ಹೊರಗಿರಬೇಕು, ಎಷ್ಟು ಹೊತ್ತು ಹೊರಗಿದ್ದರು ಎಂಬುದು ನಡಾವಳಿಯಲ್ಲಿ ದಾಖಲಾಗಬೇಕು.