ಪ್ಯಾರಿಸ್ ಒಪ್ಪಂದದ ಲೆಕ್ಕಕ್ಕೆ ಕಾಫಿ ತೋಟದ ನೆರಳು ಮರ ಸೇರುತ್ತಾ?

ಮೂಡಿಗೆರೆ ಬೆಳೆಗಾರ:
12 ಎಕರೆ ಕಾಫಿ. ನೆರಳಿಗೆ ಅತ್ತಿ, ಹಲಸು, ನಂದಿ, ಹಾಲುವಾಣ, ಜೊತೆಗೆ ಮೆಣಸು ಹಬ್ಬಿಸಿದ ಸಿಲ್ವರ್ ಓಕ್. "ಪ್ಯಾರಿಸ್ ಒಪ್ಪಂದದ ಪ್ರಕಾರ ನಿಮ್ಮ ಹಳೇ ಮರಗಳಿಗೂ ಕಾರ್ಬನ್ ಕ್ರೆಡಿಟ್ ದುಡ್ಡು ಬರುತ್ತೆ, 30 ವರ್ಷದ ಕರಾರಿಗೆ ಸಹಿ ಹಾಕಿ" ಅಂತ ಏಜೆಂಟರು ಹೇಳ್ತಿದ್ದಾರೆ. ನಿಜವಾ? ಒಂದು ಮರದಲ್ಲಿ ಎಷ್ಟು ಇಂಗಾಲ ಇದೆ ಅಂತ ನಾವೇ ಅಳೆಯಬಹುದಾ?

ಆಲ್ದೂರು ಘಟ್ಟ:
ಸರ್, ಈಗಲೇ ಸಹಿ ಹಾಕಬೇಡಿ. ದೇಶ ಒಪ್ಪಿಸುವ ಲೆಕ್ಕ ಬೇರೆ, ನೀವು ಮಾರುವ ಕ್ರೆಡಿಟ್ (ಹಿಡಿದಿಟ್ಟ ಒಂದೊಂದು ಟನ್ ಡೈಆಕ್ಸೈಡಿಗೆ ಸಿಗುವ, ಮಾರಬಹುದಾದ ಪತ್ರ) ಬೇರೆ.

2015ರ ಪ್ಯಾರಿಸ್ ಒಪ್ಪಂದ ಸರ್ಕಾರಗಳ ನಡುವಿನದು. ಭೂಮಿಯ ತಾಪ ಏರಿಕೆಯನ್ನು 2 ಡಿಗ್ರಿಗಿಂತ ಸಾಕಷ್ಟು ಕೆಳಗೆ ಹಿಡಿಯಬೇಕು, 1.5ರಲ್ಲೇ ನಿಲ್ಲಿಸಲು ಪ್ರಯತ್ನಿಸಬೇಕು ಅನ್ನೋದು ಗುರಿ. ಯಾರು ಎಷ್ಟು ಮಾಡ್ತೀವಿ ಅಂತ ಆಯಾ ದೇಶವೇ ಬರೆದುಕೊಡುತ್ತೆ. ಭಾರತ 2022ರಲ್ಲಿ ಬರೆದುಕೊಟ್ಟದ್ದರಲ್ಲಿ ನಮಗೆ ಸಂಬಂಧಪಟ್ಟದ್ದು ಒಂದೇ: 2030ರೊಳಗೆ ಹೆಚ್ಚುವರಿ ಕಾಡು ಮತ್ತು ಮರಗಳಲ್ಲಿ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದಷ್ಟು ಹಿಡಿದಿಡುವುದು.

ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯ ವ್ಯಾಖ್ಯೆಯಲ್ಲಿ, 1 ಹೆಕ್ಟೇರಿಗೆ ಕಮ್ಮಿಯಿಲ್ಲದ ಜಾಗದಲ್ಲಿ ಮರಗಳ ಹೊದಿಕೆ ಶೇ 10 ಇದ್ದರೆ ಅದು ಅರಣ್ಯ ಹೊದಿಕೆ; ಪಹಣಿ ಯಾರ ಹೆಸರಲ್ಲಿದ್ದರೂ ಸರಿ. ನೆರಳಿನ ಕಾಫಿ ತೋಟವೂ ಹೀಗೆ ದೇಶದ ಲೆಕ್ಕದೊಳಗೇ ಬರುತ್ತೆ. ಅದಕ್ಕೆ ದುಡ್ಡು ಬರಲ್ಲ.

ಕ್ರೆಡಿಟ್ ಸಿಗೋದು, ಆ ಯೋಜನೆ ಇಲ್ಲದಿದ್ದರೆ ಆಗುತ್ತಲೇ ಇರಲಿಲ್ಲ ಅನ್ನುವಂಥ ಕೆಲಸಕ್ಕೆ ಮಾತ್ರ. ನಿಮ್ಮಜ್ಜ ಉಳಿಸಿದ ನಂದಿ ಮರ ಎಷ್ಟು ದೊಡ್ಡದಿದ್ದರೂ ಅದು ಹೊಸದಾಗಿ ನೆಟ್ಟದ್ದಲ್ಲ. ಹಾಗಂತ ಕಾಡುಮರ ಕಡಿದು ಸಿಲ್ವರ್ ಓಕ್ ನೆಟ್ಟು "ಹೊಸದು" ತೋರಿಸೋಕೆ ಹೋಗಬೇಡಿ. ಹಿಂದಿನ 10 ವರ್ಷದಲ್ಲಿ ಕಾಡುಮರ ತೆಗೆದ ಜಾಗವನ್ನು ಕ್ರೆಡಿಟ್ ದಾಖಲಿಸುವ ಪ್ರಮುಖ ನೋಂದಣಿ ವ್ಯವಸ್ಥೆ ಒಪ್ಪಲ್ಲ. ಅದಕ್ಕಿಂತ ಮುಖ್ಯವಾಗಿ ತೋಟದ ತಂಪೇ ಹೋಗುತ್ತೆ. ನೆರಳು ತೆಳುವಾದ ಅರೇಬಿಕಾ ಕಾಫಿಯಲ್ಲಿ ಬಿಳಿ ಕಾಂಡಕೊರಕ ಹುಳು ಹೆಚ್ಚೋದು ನಿಮಗೆ ಗೊತ್ತೇ ಇದೆ.

ಸಕಲೇಶಪುರ ಟೇಪು:
ಅಳತೆ ಬಗ್ಗೆ ನಾನು ಹೇಳ್ತೀನಿ. ನೆಲದಿಂದ 1.37 ಮೀಟರ್ (ನಾಲ್ಕೂವರೆ ಅಡಿ) ಎತ್ತರದಲ್ಲಿ ಸುತ್ತಳತೆ ತಗೊಳ್ಳಿ, ಇಳಿಜಾರಿದ್ದರೆ ಮೇಲಿನ ಬದಿಯಿಂದ. ಸೆಂಟಿಮೀಟರನ್ನು 3.14ರಿಂದ ಭಾಗಿಸಿದರೆ ವ್ಯಾಸ. ಎತ್ತರ ಮೀಟರಿನಲ್ಲಿ. ಮರದ ಸಾಂದ್ರತೆ (ಒಂದು ಘನ ಸೆಂ.ಮೀ.ಗೆ ಎಷ್ಟು ಗ್ರಾಂ) × ವ್ಯಾಸದ ವರ್ಗ × ಎತ್ತರ, ಬಂದದ್ದನ್ನು 0.976ರ ಘಾತಕ್ಕೇರಿಸಿ 0.0673ರಿಂದ ಗುಣಿಸಿ. ನೆಲದ ಮೇಲಿನ ಒಣ ತೂಕ ಕಿಲೋದಲ್ಲಿ ಬರುತ್ತೆ.

ಉದಾಹರಣೆಗೆ ಸುತ್ತಳತೆ 94 ಸೆಂ.ಮೀ. (ವ್ಯಾಸ 30), ಎತ್ತರ 15 ಮೀಟರ್, ಸಾಂದ್ರತೆ 0.6 ಅಂದುಕೊಳ್ಳಿ: ಸುಮಾರು 440 ಕಿಲೋ. ಬೇರಿಗೆ ಕಾಲು ಭಾಗ ಸೇರಿಸಿ 550. ಅದರಲ್ಲಿ ಇಂಗಾಲ 0.47 ಪಾಲು, ಅದನ್ನು 3.67ರಿಂದ ಗುಣಿಸಿದರೆ 950 ಕಿಲೋ ಡೈಆಕ್ಸೈಡ್. ಇದು ಮರದ ಇಡೀ ಆಯುಷ್ಯದ ಗಳಿಕೆ, ವರ್ಷದ್ದಲ್ಲ. ಏಜೆಂಟರ ಪಟ್ಟಿಯಲ್ಲಿ ಈ ಎರಡನ್ನೂ ಕಲಸಿದ್ದಾರಾ ನೋಡಿ.

ತಪ್ಪು ಹೆಚ್ಚಾಗಿ ಆಗೋದು ಮೆಣಸಿನ ಬಳ್ಳಿಯಿಂದ. ಬಳ್ಳಿ ಮೇಲೆ ಟೇಪು ಸುತ್ತಿ 94 ಹೋಗಿ 110 ಆದರೆ, ವ್ಯಾಸ ವರ್ಗವಾಗುವುದರಿಂದ ಉತ್ತರ ಮೂರನೇ ಒಂದು ಪಾಲಿಗಿಂತಲೂ ಹೆಚ್ಚು ಉಬ್ಬುತ್ತೆ. ಟೇಪನ್ನು ಬಳ್ಳಿಯ ಒಳಗಿಂದಲೇ ತೂರಿಸಿ. ವರ್ಷವೂ ಮರಗಸಿ (ರೆಂಬೆ ಕಡಿಯೋದು) ಮಾಡುವ ಮರಕ್ಕೂ ಸೂತ್ರ ಜಾಸ್ತಿ ತೋರಿಸುತ್ತೆ, ರೆಂಬೆ ಅಷ್ಟು ಇರಲ್ಲ.

ಮೂಡಿಗೆರೆ ಬೆಳೆಗಾರ:
ಧನ್ಯವಾದ. ಹಾಗಾದರೆ ಹೊರಸೂಸುವಿಕೆ ಕಮ್ಮಿ ಮಾಡೋಕೆ ತೋಟದಲ್ಲಿ ನಾವು ಮಾಡಬಹುದಾದ್ದು ಏನು?

ಆಲ್ದೂರು ಘಟ್ಟ:
ಮೊದಲು ಯೂರಿಯಾ. 45 ಕಿಲೋ ಚೀಲದಲ್ಲಿ ಸಾರಜನಕ 20.7 ಕಿಲೋ. ಅದರ ಶೇ 1 ಭಾಗ ನೈಟ್ರಸ್ ಆಕ್ಸೈಡ್ ಆಗಿ ಹಾರುತ್ತೆ ಅಂತ ಹಿಡಿದರೂ ಸುಮಾರು 90 ಕಿಲೋ ಡೈಆಕ್ಸೈಡಿಗೆ ಸಮ; ಯೂರಿಯಾದೊಳಗಿನ ಇಂಗಾಲದ್ದು ಇನ್ನೊಂದು 33. ನಮ್ಮಂಥ ತೇವದ ಸೀಮೆಗೆ ಈ ಶೇ 1 ಅನ್ನೋದು ಕಮ್ಮಿಯೇ. ಮಣ್ಣು ಪರೀಕ್ಷೆ ಮಾಡಿಸಿ, ಕಂತು ಹೆಚ್ಚಿಸಿ ಪ್ರಮಾಣ ಇಳಿಸಿ, ಜಡಿಮಳೆಗೆ ಮುಂಚೆ ಹಾಕಬೇಡಿ.

ಎರಡನೆಯದು ಪಲ್ಪಿಂಗ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವಾಗ ಬಳಸಿದ ನೀರು. ಹೊಂಡದಲ್ಲಿ ಗಾಳಿಯಾಡದೆ ಕೊಳೆತರೆ ಮೀಥೇನ್, ಅದು ನೂರು ವರ್ಷದ ಲೆಕ್ಕದಲ್ಲಿ ಕಿಲೋಗೆ ಡೈಆಕ್ಸೈಡಿನ 27 ಪಟ್ಟು ಬಿಸಿ ಮಾಡುತ್ತೆ. ನೀರು ಕಮ್ಮಿ ಬಳಸುವ ಪಲ್ಪರ್ ಒಳ್ಳೇದು. ಸಿಪ್ಪೆಯನ್ನು ನೀರಿನಿಂದ ಬೇರೆ ಮಾಡಿ, ಆಗಾಗ ತಿರುವಿ ಹಾಕಿ ಗೊಬ್ಬರ ಮಾಡಿ.

ಸಕಲೇಶಪುರ ಟೇಪು:
ಕರಾರಿನ ಬಗ್ಗೆ ಒಂದು ಮಾತು. ಖಾಲಿ ಜಾಗಕ್ಕೆ ಹೊಸ ಸಸಿ ನೆಡುವ ಯೋಜನೆಯಾದರೆ ಐದು ವಿಷಯ ಬರವಣಿಗೆಯಲ್ಲೇ ಕೇಳಿ: ಯಾವ ನೋಂದಣಿಯಲ್ಲಿ, ಯಾವ ಸಂಖ್ಯೆ, ಪರಿಶೀಲನೆಯ ಖರ್ಚು ಯಾರದು, ಗಾಳಿಗೆ ಮರ ಬಿದ್ದರೆ ನಷ್ಟ ಯಾರಿಗೆ, 30 ವರ್ಷದೊಳಗೆ ಸಿಲ್ವರ್ ಓಕ್ ಕಡಿದು ಮಾರಬಹುದಾ. ಕೊನೆಯದಕ್ಕೆ "ಆಗಲ್ಲ" ಅಂದರೆ ಟಿಂಬರ್ ಆದಾಯ ಕಳೆದು ಲೆಕ್ಕ ಹಾಕಿ.