ಪದಚರ್ಚೆ: ಸಸ್ಪೆನ್ಷನ್, ಬ್ರೇಕ್ ಫೇಡ್, ಅಪ್‌ಗ್ರೇಡ್‌ಗೆ ಕನ್ನಡ ಏನು? ತುರ್ತು

ಅನುವಾದಕಿ:
ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಹೋಗಬೇಕು, ಬೇಗ ಹೇಳಿ. ಬೆಂಗಳೂರಿನ ಒಂದು ಗ್ಯಾರೇಜಿಗೆ ಕರಪತ್ರ, ಜೊತೆಗೆ ಗೋಡೆಗೊಂದು ಫಲಕ. ವಾರವೆಲ್ಲಾ ಆಫೀಸಿಗೆ ಓಡಿಸಿ, ರಜೆ ಬಂದರೆ ಅದೇ ಕಾರನ್ನು ಕೊಯಮತ್ತೂರಿನ ಕರಿ ಎಂಬ ರೇಸ್ ಟ್ರ್ಯಾಕಿಗೋ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಗೋ ಒಯ್ಯುವವರಿಗಾಗಿ. ಉದಾಹರಣೆಗೆ ಹಳೇ 1.2 ಲೀಟರಿನ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ತಗೊಂಡಿದ್ದಾರೆ. ಮುಖ್ಯ ಸಾಲು: ಮೊದಲು ಬ್ರೇಕು, ಆಮೇಲೆ ಸಸ್ಪೆನ್ಷನ್, ಕೊನೆಗೆ ಇಂಜಿನ್.

ಯಂತ್ರಾನುವಾದಕ್ಕೆ ಹಾಕಿದರೆ ಫ್ರಂಟ್ ಸಸ್ಪೆನ್ಷನ್, ಅಂದರೆ ಮುಂದಿನ ಚಕ್ರಗಳ ಕುಲುಕು ತಡೆಯುವ ಜೋಡಣೆ, 'ಮುಂಭಾಗದ ಅಮಾನತು' ಎಂದು ಬಂತು. ಬ್ರೇಕ್ ಫೇಡ್, ಅಂದರೆ ಕಾದು ಬ್ರೇಕು ಕೈಕೊಡುವುದು, 'ಬ್ರೇಕ್ ಮಸುಕು' ಆಯಿತು. ಅಪ್‌ಗ್ರೇಡ್‌ಗೆ 'ಮೇಲ್ದರ್ಜೆಗೇರಿಸುವಿಕೆ'. ಕಾರೋ, ಸರ್ಕಾರಿ ಆಸ್ಪತ್ರೆಯೋ?

ಅಚ್ಚಗನ್ನಡ:
ಬ್ರೇಕ್ = ಬಿರಿ ಅಥವಾ ತಡೆತ. ಇಂಜಿನ್ = ಬಿಣಿಗೆ. ಸಸ್ಪೆನ್ಷನ್ = ತೂಗುಕಟ್ಟು. ಪದಗಳಿವೆ. ಬಳಸುವ ಮನಸ್ಸಿಲ್ಲ, ಅಷ್ಟೇ.

ಹಳೇ ಪಾನಾ:
ಬಿಣಿಗೆ ಅಂತ ಬೋರ್ಡು ಹಾಕಿ, ಗಿರಾಕಿ ಪಕ್ಕದ ಗ್ಯಾರೇಜಿಗೆ ಹೋಗುತ್ತಾನೆ. ಬಿರಿ ಅಂತೂ ಬೇಡವೇ ಬೇಡ. ಟ್ರ್ಯಾಕಿನಲ್ಲಿ ಬ್ರೇಕಿನ ಡಿಸ್ಕು, ಅಂದರೆ ಚಕ್ರದ ಜೊತೆ ತಿರುಗುವ ತಟ್ಟೆ, ಕಾದು ಆರಿ, ಕಾದು ಆರಿ ಬಿರುಕು ಬಿಡುತ್ತದೆ. ತೂತು ಕೊರೆದ ಡಿಸ್ಕಾದರೆ ತೂತಿನ ಅಂಚಿನಿಂದಲೇ ಶುರು. ಆಗ 'ಬಿರಿ ಬಿರಿಯಿತು' ಅಂತ ಬರೀತೀರಾ?

ಫೇಡ್‌ಗೆ ಒಂದೇ ಪದ ಹುಡುಕಬೇಡಿ, ಅದರಲ್ಲಿ ಎರಡು ಬೇರೆ ಕಾಯಿಲೆ ಇವೆ. ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡು ಅತಿಯಾಗಿ ಕಾದು ಹಿಡಿತ ಕಳೆದುಕೊಂಡರೆ ಪೆಡಲು ಗಟ್ಟಿಯಾಗೇ ಇರುತ್ತದೆ, ಎಷ್ಟು ಒತ್ತಿದರೂ ಕಾರು ನಿಲ್ಲಲ್ಲ. ಇದಕ್ಕೆ 'ಬ್ರೇಕು ಸೊರಗುವುದು' ಸರಿಹೊಂದುತ್ತದೆ. ಇನ್ನೊಂದು, ಬ್ರೇಕ್ ಆಯಿಲ್ ಕುದಿಯುವುದು. ಕುದ್ದರೆ ಆವಿ. ಆವಿ ಅದುಮಿದರೆ ಕುಗ್ಗುತ್ತದೆ, ಕಾಲಿನ ಒತ್ತಡ ಪ್ಯಾಡನ್ನು ಒತ್ತುವ ಕ್ಯಾಲಿಪರ್‌ವರೆಗೆ ಹೋಗಲ್ಲ. ಪೆಡಲು ಮೆತ್ತಗಾಗಿ ನೆಲ ಮುಟ್ಟುತ್ತದೆ. ಇದು 'ಪೆಡಲು ಕುಸಿಯುವುದು'. ಮೊದಲನೆಯದಕ್ಕೆ ಮದ್ದು ಒಳ್ಳೇ ಪ್ಯಾಡು, ಎರಡನೆಯದಕ್ಕೆ ಹೊಸ ಆಯಿಲ್. ಒಂದೇ ಪದ ಹಾಕಿದರೆ ಓದಿದವನು ತಪ್ಪು ಸಾಮಾನು ಕೊಳ್ಳುತ್ತಾನೆ.

ಅನುವಾದಕಿ:
ಸೊರಗು, ಕುಸಿ ಎರಡೂ ಇಟ್ಟುಕೊಂಡೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲಿಗೆ 'ಒಣ ಕುದಿಬಿಂದು ಕನಿಷ್ಠ 230, ಒದ್ದೆ ಕುದಿಬಿಂದು ಕನಿಷ್ಠ 155 ಡಿಗ್ರಿ' ಅಂತ ಬರೆದಿದ್ದೇನೆ. ದ್ರವ ಒಣಗಿರೋದು ಹೇಗೆ ಎಂದು ಮಾಲೀಕರೇ ಕೇಳಿದರು.

ಹಳೇ ಪಾನಾ:
'ಡಬ್ಬ ಒಡೆದಾಗ ಕನಿಷ್ಠ 230, ನೀರು ಹೀರಿದ ಮೇಲೆ ಕನಿಷ್ಠ 155' ಎನ್ನಿ. ಒದ್ದೆ ಅಂದರೆ ಶೇಕಡಾ 3.7ರಷ್ಟು ನೀರು ಸೇರಿದ್ದು, ಪರೀಕ್ಷೆಯ ಲೆಕ್ಕ ಅದು. ಆ ಆಯಿಲ್ ಗಾಳಿಯ ತೇವವನ್ನು ತಾನೇ ಎಳೆದುಕೊಳ್ಳುತ್ತದೆ. ವರ್ಷಗಟ್ಟಲೆ ಅದನ್ನು ಬದಲಿಸದ ಕಾರನ್ನು ಟ್ರ್ಯಾಕಿಗೆ ಇಳಿಸಬಾರದು ಅನ್ನೋದು ಇದಕ್ಕೇ.

ಅಚ್ಚಗನ್ನಡ:
ಆಯಿಲ್ ಯಾಕೆ? ಎಣ್ಣೆ ಎನ್ನಲು ನಾಚಿಕೆಯೇ?

ಹಳೇ ಪಾನಾ:
ಗ್ಯಾರೇಜಿನಲ್ಲಿ ಬಾಯಿಮಾತಿಗೆ ಆಯಿಲ್ ಅಂತೀವಿ, ಸರಿ. ಆದರೆ ಅದು ಗ್ಲೈಕಾಲ್ ಜಾತಿಯದು, ಎಣ್ಣೆಯೇ ಅಲ್ಲ. ಅಚ್ಚಿನಲ್ಲಿ ಎಣ್ಣೆ ಎಂದು ಓದಿ ಯಾರಾದರೂ ಇಂಜಿನ್ ಆಯಿಲ್ ಸುರಿದರೆ ರಬ್ಬರ್ ಸೀಲುಗಳು ಊದಿ ಬ್ರೇಕೇ ಹೋಗುತ್ತದೆ. ಕರಪತ್ರದಲ್ಲಿ 'ಬ್ರೇಕ್ ದ್ರವ' ಅಂತಲೇ ಇರಲಿ.

ಪಿಟೀಲು:
ಎಣ್ಣೆ ಅಂದರೆ ಎಳ್ + ನೆಯ್, ಎಳ್ಳಿನ ನೆಯ್. ಮೂಲ ನೋಡಿದರೆ ಕಡಲೆಕಾಯಿ ಎಣ್ಣೆ ಅನ್ನೋದೇ ತಪ್ಪು.

ಹಳೇ ಪಾನಾ:
ಸೀಮೆಎಣ್ಣೆ? ಮುಂದೆ ಹೋಗೋಣ.

ಪಿಟೀಲು:
ತೂಗುಕಟ್ಟು ಒಪ್ಪಲ್ಲ. ಯುರೋಪಿನ ಹಳೇ ಸಾರೋಟುಗಳ ಮೈಯನ್ನು ಚರ್ಮದ ಪಟ್ಟಿಗಳಲ್ಲಿ ನೇತು ಹಾಕುತ್ತಿದ್ದರು, ಇಂಗ್ಲಿಷಿಗೆ ಆ ಪದ ಒಗ್ಗಿತು. ಈಗಿನ ಕಾರು ತೂಗುತ್ತಿಲ್ಲ, ಸ್ಪ್ರಿಂಗಿನ ಮೇಲೆ ಕೂತಿದೆ. ನಮ್ಮ ಲಾರಿಯವರ 'ಕಮಾನು' (ಬಾಗಿದ ಪಟ್ಟಿಗಳ ಸ್ಪ್ರಿಂಗು) ಇದೆಯಲ್ಲ, ಅದನ್ನೇ ಹಿಗ್ಗಿಸಿ.

ಅಚ್ಚಗನ್ನಡ:
ಕಮಾನು ಪಾರಸಿ. ಬಿಲ್ಲು ಎನ್ನಿ.

ಪಿಟೀಲು:
ಪಿಟೀಲಿಗೂ ಕಮಾನು, ಬಾಗಿಲಿಗೂ ಕಮಾನು. ಇನ್ನೆಷ್ಟು ಕನ್ನಡ ಆಗಬೇಕು ಅದು?

ಹಳೇ ಪಾನಾ:
ಇಬ್ಬರೂ ಸುಮ್ನಿರಿ. ಪೋಲೊದಲ್ಲಿ ಕಮಾನೂ ಇಲ್ಲ, ಬಿಲ್ಲೂ ಇಲ್ಲ. ನಾಲ್ಕೂ ಕಡೆ ಸುರುಳಿ ಸ್ಪ್ರಿಂಗು. ಭಾರ ಹೊರುವುದು ಸ್ಪ್ರಿಂಗು, ಅದರ ಕುಣಿತ ನಿಲ್ಲಿಸುವುದು ಡ್ಯಾಂಪರ್. ಗಿಡ್ಡ ಸ್ಪ್ರಿಂಗು ಹಾಕಿ ಕಾರು ತಗ್ಗಿಸಿ, ಡ್ಯಾಂಪರ್ ಕಂಪನಿಯದ್ದೇ ಬಿಟ್ಟರೆ ಅದಕ್ಕೆ ಆ ಸ್ಪ್ರಿಂಗನ್ನು ಹಿಡಿಯೋಕಾಗಲ್ಲ. ಅದಕ್ಕೇ ಸಸ್ಪೆನ್ಷನ್ ಅಂತಲೇ ಬಿಟ್ಟು, ಒಳಗಿನ ಎರಡನ್ನೂ ಬಿಡಿಸಿ ಬರೆಯಿರಿ.

ಅಚ್ಚಗನ್ನಡ:
ಹೀಗೇ ಬಿಡುತ್ತಾ ಹೋದರೆ ನಾಳೆ ವಿಭಕ್ತಿ ಪ್ರತ್ಯಯ ಮಾತ್ರ ಕನ್ನಡದ್ದು ಉಳಿಯುತ್ತದೆ. ರಸ್ತೆಯಲ್ಲಿ ನಿಂತು ಒಂದು ಫಲಕ ಓದಿ, ತಿಳಿಯುತ್ತದೆ. ಅದಕ್ಕೂ ಹಲಗೆ ಅನ್ನಬಾರದೇ?

ಪಿಟೀಲು:
ರಸ್ತೆ ಪಾರಸಿ. ಹಲಗೆ ಫಲಕದ್ದೇ ತದ್ಭವ.

ಅಚ್ಚಗನ್ನಡ:
ತದ್ಭವ ನಮ್ಮ ಬಾಯಿಗೆ ಪಳಗಿದ ಪದ. ಸಸ್ಪೆನ್ಷನ್ ಪಳಗಿದೆಯೇ?

ಹಳೇ ಪಾನಾ:
ಪೀಣ್ಯದ ಯಾವ ಮೆಕ್ಯಾನಿಕ್ಕನ್ನಾದರೂ ಕೇಳಿ. ಪಳಗಿ ಸವೆದೂ ಆಗಿದೆ.

ಕೋಲಾರದ ಓದುಗ:
ಅಪ್‌ಗ್ರೇಡ್ ಯಾರೂ ಮುಟ್ಟಲಿಲ್ಲ. 'ಮಾರ್ಪಾಟು' ಎಂದು ಮಾತ್ರ ಹಾಕಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುವುದು ಅದನ್ನೇ. ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಟು ಕೂಡದು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನು ಒತ್ತಿ ಹೇಳಿತು. ಪ್ಯಾಡಿಗೆ, ದ್ರವಕ್ಕೆ 'ಬದಲಿಸುವುದು' ಸಾಕು. ಉಳಿದದ್ದಕ್ಕೆ ಪದ ಹುಡುಕುವ ಮುಂಚೆ ಗ್ಯಾರೇಜಿನವರು ಆರ್‌ಟಿಓ ನಿಯಮ ಓದಲಿ.

ಅನುವಾದಕಿ:
ಕಳಿಸುತ್ತಿರುವ ಪಠ್ಯ: 'ಮೊದಲು ಬ್ರೇಕು: ಸೊರಗದ ಪ್ಯಾಡು, ಕುಸಿಯದ ಪೆಡಲು. ಆಮೇಲೆ ಸಸ್ಪೆನ್ಷನ್: ಸ್ಪ್ರಿಂಗು, ಡ್ಯಾಂಪರ್ ಎರಡೂ ಜೋಡಿಯಾಗಿ. ಕೊನೆಗೆ ಇಂಜಿನ್.' ಅಪ್‌ಗ್ರೇಡ್ ತೆಗೆದು ಶೀರ್ಷಿಕೆಗೆ 'ರಸ್ತೆಗೂ ಟ್ರ್ಯಾಕಿಗೂ ಕಾರು ಸಜ್ಜು' ಎಂದಿಟ್ಟೆ. ಇಂಜಿನ್ ಪುಟದ ರೀಮ್ಯಾಪ್ (ಇಂಜಿನ್ನಿನ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ಬಲ ಹೆಚ್ಚಿಸುವುದು) ಒಂದು ಉಳಿದಿದೆ. 'ಮರುನಕ್ಷೆ' ಆಗುತ್ತಾ?

ಅಚ್ಚಗನ್ನಡ:
ಸಜ್ಜು ಎಲ್ಲಿಯದು ಎಂದು ನಾನು ಹೇಳಬೇಕಾಗಿಲ್ಲ.

ಹಳೇ ಪಾನಾ:
ಸಜ್ಜು ಚೆನ್ನಾಗಿದೆ, ಇರಲಿ. ಮರುನಕ್ಷೆ ಅಂದರೆ ಸೈಟಿನ ಸರ್ವೆ ನೆನಪಾಗುತ್ತದೆ, ರೀಮ್ಯಾಪ್ ಅಂತಲೇ ಬಿಡಿ. ಪದಕ್ಕಿಂತ ಪಕ್ಕದ ಸಾಲು ನೋಡಿಕೊಳ್ಳಿ. ಈ ಕಾರಿಗೆ ಕಂಪನಿ ಕೊಟ್ಟ ಟಾರ್ಕು, ಅಂದರೆ ತಿರುಗಿಸುವ ಬಲ, 175 ಎನ್‌ಎಂ. ಅದರ 7 ಗೇರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಡಿಎಸ್‌ಜಿ ತಡೆಯುವುದು 250 ಎನ್‌ಎಂವರೆಗೆ. ರೀಮ್ಯಾಪ್ ಮಾಡುವವರು ಆ ಮಿತಿ ದಾಟಬಾರದು ಅನ್ನೋದು ಕರಪತ್ರದಲ್ಲಿ ಇದೆಯಾ?

ಅನುವಾದಕಿ:
ಇಲ್ಲ. ಈಗಲೇ ಫೋನ್ ಮಾಡಿ ಸೇರಿಸುತ್ತೇನೆ.